ಮಾವನ ಕಾಪಿ ಲೆನ್ಸು ನನ್ನ ಡಿಜಿಟಲ್ ಕ್ಯಾಮೆರಾಕ್ಕೆ ಕೂತ ಬಗೆ

ಸಾಗರದಲ್ಲಿ ನನ್ನ ಸೋದರಮಾವನ ಸ್ಟುಡಿಯೋ ಇತ್ತು. ಮನೆಯಲ್ಲಿ ಹಿರಿಯರು ತೀರಿಕೊಂಡರೆ ಜನ ಅವರದೊಂದು ಹಳೇ ಫೋಟೋ ಹಿಡಿದುಕೊಂಡು ಬರುತ್ತಿದ್ದರು. ಎಷ್ಟೋ ಸಲ ಮದುವೆಯ ಗುಂಪು ಫೋಟೋದಲ್ಲಿ ಉಗುರಿನಷ್ಟು ಮುಖ, ಅಷ್ಟೇ. ಮಾವ ಅದನ್ನು ಸ್ಟ್ಯಾಂಡಿನ ಕೆಳಗಿಟ್ಟು, ಎರಡೂ ಕಡೆ ಬಲ್ಬ್ ಹಾಕಿ ಕಾಪಿ ತೆಗೆಯುತ್ತಿದ್ದರು. ವೈಕುಂಠದ ಹೊತ್ತಿಗೆ ಫ್ರೇಮ್ ಕಟ್ಟಿದ ದೊಡ್ಡ ಫೋಟೋ ತಯಾರಾಗಿರುತ್ತಿತ್ತು.

ಆ ಕೆಲಸಕ್ಕೆ ಅವರು ಬಳಸುತ್ತಿದ್ದದ್ದು ನಿಕಾನ್ ಕಂಪನಿಯ 55 ಎಂಎಂ ಎಫ್ 3.5 ಮೈಕ್ರೋ ನಿಕ್ಕೋರ್. ಮಾವನ ಬಾಯಲ್ಲಿ ಅದು 'ಕಾಪಿ ಲೆನ್ಸು'. ಆ ಹೆಸರು ಅದಕ್ಕೆ ಸರಿಯಾಗಿಯೇ ಇದೆ. 1956ರಲ್ಲಿ ಬಂದ ಮೊದಲ ಮೈಕ್ರೋ ನಿಕ್ಕೋರ್ ಮಾಡಿದ್ದೇ ಕಾಗದಪತ್ರಗಳನ್ನು ಮೈಕ್ರೋಫಿಲ್ಮಿಗೆ ಇಳಿಸಲಿಕ್ಕೆ. ಜಪಾನಿ ಅಕ್ಷರಗಳಲ್ಲಿ ಗೆರೆಗಳು ದಟ್ಟ. ಅವು ಒಂದಕ್ಕೊಂದು ಕಲಸಿಹೋಗದ ಹಾಗೆ ಹಿಡಿಯುವ ಲೆನ್ಸು ಬೇಕಾಗಿತ್ತು.

ಈಗ ಆ ಲೆನ್ಸು ನನ್ನ ಹತ್ತಿರ ಇದೆ. ಅಡಿಕೆ ತೋಟದ ಚಗಳಿ ಎಂಬ ಕೆಂಪಿರುವೆ, ಜೇಡ, ಪಾಚಿ ಎಲ್ಲವನ್ನೂ ಅದರಲ್ಲೇ ತೆಗೆಯುತ್ತೇನೆ. ಕ್ಯಾಮೆರಾ ಸೋನಿ ಎ6000. ಹಳೇ ಲೆನ್ಸು ಹಾಕಿದರೆ ಆಟೋಫೋಕಸ್ ಹೋಗುತ್ತದಲ್ಲ ಎಂದು ಹಿಂಜರಿಯುವವರು ಜಾಸ್ತಿ. ಆದರೆ ತೀರಾ ಹತ್ತಿರದಿಂದ ತೆಗೆಯುವಾಗ ಹೊಸ ಲೆನ್ಸಿನವರೂ ಆಟೋಫೋಕಸ್ ಆಫ್ ಮಾಡಿ ಕೈಯಲ್ಲೇ ಫೋಕಸ್ ಮಾಡುತ್ತಾರೆ. ಹಳೇದನ್ನು ಹಾಕಿಕೊಂಡು ಏನೂ ಕಳೆದುಕೊಳ್ಳದ ಕೆಲಸ ಇದ್ದರೆ ಅದು ಮ್ಯಾಕ್ರೋ, ಅಂದರೆ ಹೀಗೆ ಪುಟ್ಟದ್ದನ್ನು ಹತ್ತಿರದಿಂದ ತೆಗೆಯುವುದು. ಉಳಿದ ದುಡ್ಡನ್ನು ಫ್ಲಾಶಿಗೆ ಹಾಕಿ.

ಕೊಳ್ಳುವ ಮೊದಲು ಲೆನ್ಸನ್ನು ಕತ್ತಲೆ ಕೋಣೆಗೆ ಒಯ್ದು ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ನಮ್ಮ ಮಲೆನಾಡಿನ ಮಳೆಗೆ ಗಾಜಿನೊಳಗೆ ಜೇಡರ ಬಲೆಯ ಹಾಗೆ ಫಂಗಸ್ ಹಬ್ಬಿರುವುದು ಸಾಮಾನ್ಯ. ಅಂಚಿನಲ್ಲಿ ಒಂದೆರಡು ಚುಕ್ಕೆ ಇದ್ದರೆ ಫೋಟೋಕ್ಕೆ ತೊಂದರೆಯಿಲ್ಲ, ಇಡೀ ಗಾಜು ಮಂಜಾಗಿದ್ದರೆ ಬೇಡ. ಆಮೇಲೆ ಲೆನ್ಸಿನ ಹಿಂದಿರುವ ಪುಟ್ಟ ಲಿವರನ್ನು ಉಗುರಿನಲ್ಲಿ ತಳ್ಳಿ ಬಿಡಿ. ಒಳಗೆ ಬರುವ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಅಪರ್ಚರ್ ರೆಕ್ಕೆಗಳು ಟಪ್ಪನೆ ಮುಚ್ಚಿಕೊಳ್ಳಬೇಕು. ನಿಧಾನಕ್ಕೆ ಜಾರಿದರೆ ಎಣ್ಣೆ ಇಳಿದಿದೆ ಎಂದರ್ಥ. ಫೋಕಸ್ ರಿಂಗ್ ಬಿಗಿಯಾಗಿದೆಯೆಂದು ಹೊಲಿಗೆ ಯಂತ್ರದ ಎಣ್ಣೆ ಬಿಡಲು ಮಾತ್ರ ಹೋಗಬೇಡಿ. ಆ ಎಣ್ಣೆ ಹರಿದು ಇದೇ ರೆಕ್ಕೆಗಳ ಮೇಲೆ ಕೂರುತ್ತದೆ. ಒಣಗಿದ ಗ್ರೀಸ್ ತೆಗೆದು ಹೊಸದು ಹಾಕುವುದು ರಿಪೇರಿ ಗೊತ್ತಿದ್ದವರ ಕೆಲಸ.

ಇನ್ನು ಅಡಾಪ್ಟರ್. ಪ್ರತಿ ಲೆನ್ಸೂ ಫಿಲ್ಮಿನಿಂದ (ಡಿಜಿಟಲ್ ಕ್ಯಾಮೆರಾದಲ್ಲಿ ಚಿತ್ರ ಹಿಡಿಯುವ ಸೆನ್ಸರಿನಿಂದ) ಇಷ್ಟೇ ದೂರ ಕೂರಬೇಕು ಎಂದು ಲೆಕ್ಕ ಹಾಕಿ ಮಾಡಿರುತ್ತಾರೆ. ಲೆನ್ಸು ಕ್ಯಾಮೆರಾಕ್ಕೆ ಕೂರುವ ಬಾಯಿಗೆ ಮೌಂಟ್ ಎನ್ನುತ್ತಾರೆ. ನಿಕಾನ್ ಎಫ್ ಮೌಂಟಿಗೆ ಆ ದೂರ 46.5 ಮಿಲಿಮೀಟರ್. ಸೋನಿ ಇ ಮೌಂಟಿನಲ್ಲಿ 18. ನಡುವಿನ 28.5 ಮಿಲಿಮೀಟರ್ ತುಂಬುವ ಖಾಲಿ ಲೋಹದ ಕೊಳವೆಯೇ ಅಡಾಪ್ಟರ್. ಅದರಲ್ಲಿ ಗಾಜೂ ಇಲ್ಲ, ತಂತಿಯೂ ಇಲ್ಲ. 'ಎಐ-ನೆಕ್ಸ್' ಎಂದು ಬರೆದಿರುವುದು ನಿಕಾನ್ ಲೆನ್ಸನ್ನು ಸೋನಿಗೆ ಹಾಕುವುದು. ನಿಕಾನ್ ಜೆಡ್ ಕ್ಯಾಮೆರಾಗಳಲ್ಲಿ ಆ ದೂರ 16, ಕೆನಾನ್ ಆರ್‌ಎಫ್‌ನಲ್ಲಿ 20. ಹೀಗೆ ಒಳಗೆ ಕನ್ನಡಿ ಇಲ್ಲದ ಯಾವ ಮಿರರ್‌ಲೆಸ್ ಕ್ಯಾಮೆರಾ ಆದರೂ ಜಾಗಕ್ಕೆ ಕೊರತೆಯಿಲ್ಲ.

ಒಳಗೆ ಕನ್ನಡಿ ಇರುವ ಡಿಎಸ್‌ಎಲ್‌ಆರ್ ಕ್ಯಾಮೆರಾದವರಿಗೆ ಲೆಕ್ಕ ಸ್ವಲ್ಪ ಬಿಗಿ. ಉದಾಹರಣೆಗೆ, ಸ್ಕ್ರೂ ಹಾಗೆ ತಿರುಗಿಸಿ ಹಾಕುವ ಎಂ42 ಲೆನ್ಸಿನ ದೂರ 45.46 ಮಿಲಿಮೀಟರ್, ನಿಕಾನಿಗಿಂತ ಕಡಿಮೆ. ಹಾಗಾಗಿ ನಿಕಾನ್ ಡಿಎಸ್‌ಎಲ್‌ಆರ್‌ನಲ್ಲಿ ಅದು ದೂರದ ಗುಡ್ಡಕ್ಕೆ ಫೋಕಸ್ ಆಗುವುದಿಲ್ಲ. ಅದಕ್ಕೆಂದು ಗಾಜಿರುವ ಅಡಾಪ್ಟರ್ ಮಾರುತ್ತಾರೆ. ಮ್ಯಾಕ್ರೋದವರಿಗೆ ಅದು ಬೇಡವೇ ಬೇಡ. ನಮಗೆ ಬೇಕಾದದ್ದು ಇರುವೆ, ಗುಡ್ಡ ಅಲ್ಲ ಅಲ್ವಾ? ಅಗ್ಗದ ಗಾಜು ಒಳ್ಳೇ ಲೆನ್ಸನ್ನು ಕೆಡಿಸುತ್ತದೆ. ಗಾಜಿಲ್ಲದ್ದನ್ನೇ ತೆಗೆದುಕೊಳ್ಳಿ.

ಒಂದು ಎಚ್ಚರಿಕೆ. 1977ಕ್ಕಿಂತ ಹಿಂದಿನ ನಿಕಾನ್ ಲೆನ್ಸನ್ನು ನಿಕಾನಿನದೇ ಡಿ7000 ಥರದ ಕ್ಯಾಮೆರಾಕ್ಕೆ ನೇರವಾಗಿ ತಿರುಗಿಸಿ ಹಾಕಬೇಡಿ. ಮೌಂಟಿನ ಅಂಚಿನಲ್ಲಿರುವ ಪುಟ್ಟ ನಾಲಿಗೆ ಮುರಿಯಬಹುದು. ಅಪರ್ಚರ್ ಅಂಕಿಗಳು ಒಂದೇ ಸಾಲಿದ್ದರೆ ಸಾಮಾನ್ಯವಾಗಿ ಅದು ಹಳೇದು, ಎರಡು ಸಾಲಿದ್ದರೆ ಆಮೇಲಿನದು.

ಅಡಾಪ್ಟರ್ ಬಂದ ದಿನ ನನ್ನ ಫೋಟೋಗಳ ನಡುವೆಲ್ಲ ಹಾಲು ಚೆಲ್ಲಿದ ಹಾಗೆ ಬೆಳ್ಳಗೆ ಕಂಡಿತು. ಲೆನ್ಸೇ ಕೆಟ್ಟಿದೆ ಎಂದುಕೊಂಡು ಎರಡು ವಾರ ಮೂಲೆಗಿಟ್ಟೆ. ಆಮೇಲೆ ಅಡಾಪ್ಟರನ್ನು ಕಿಟಕಿಗೆ ಹಿಡಿದು ಒಳಗೆ ನೋಡಿದರೆ ಕಪ್ಪು ಬಣ್ಣ ಇದೆ, ಆದರೆ ಸ್ಟೀಲ್ ಲೋಟದ ಹಾಗೆ ಮಿಂಚುತ್ತಿದೆ. ಬೆಳಕು ಆ ಗೋಡೆಗೆ ಬಡಿದು ಸೆನ್ಸರಿನ ಮೇಲೆ ಬೀಳುತ್ತಿತ್ತು. ಮೊದಲು ವೆಲ್ವೆಟ್ ಬಟ್ಟೆ ಅಂಟಿಸಿದೆ. ಅದರ ಎಳೆ ಉದುರಿ ಸೆನ್ಸರಿನ ಮೇಲೆ ಕೂತವು. ಕೊನೆಗೆ ಟೆಲಿಸ್ಕೋಪ್ ಮಾಡುವವರು ಬಳಸುವ, ಹಿಂದೆ ಅಂಟು ಇರುವ ಕಪ್ಪು ಫ್ಲಾಕ್ ಹಾಳೆ ತರಿಸಿದೆ. ಒಳಗಿನ ಸುತ್ತಳತೆಯನ್ನು ದಾರದಿಂದ ಅಳೆದು, ಪಟ್ಟಿ ಕತ್ತರಿಸಿ, ಎರಡೂ ತುದಿಯಲ್ಲಿ ಎರಡೆರಡು ಮಿಲಿಮೀಟರ್ ಬಿಟ್ಟು ಅಂಟಿಸಿದೆ. ಕತ್ತರಿಸಿದ ಅಂಚನ್ನು ಸೆಲ್ಲೋಟೇಪಿನಿಂದ ಒತ್ತಿ ತೆಗೆದರೆ ಸಡಿಲ ಎಳೆ ಬಂದುಬಿಡುತ್ತವೆ. ಅವತ್ತು ಸಂಜೆ ತೆಗೆದ ಮೊದಲ ಫೋಟೋದಲ್ಲೇ ಕಪ್ಪು ಕಪ್ಪಾಗಿ ಬಂತು.

ಕ್ಯಾಮೆರಾಕ್ಕೆ ಲೆನ್ಸು ಇದೆಯೆಂದೇ ಗೊತ್ತಾಗುವುದಿಲ್ಲ. ಆದ್ದರಿಂದ ಮೆನುವಿನಲ್ಲಿ 'ರಿಲೀಸ್ ವಿತೌಟ್ ಲೆನ್ಸ್' ಆನ್ ಮಾಡಬೇಕು. ಇಲ್ಲದಿದ್ದರೆ ಶಟರ್ ಒತ್ತಿದರೂ ಸುಮ್ನೆ ಕೂತಿರುತ್ತದೆ. ಮೋಡ್ ಡಯಲ್ ಎಂನಲ್ಲಿಡಿ. ಫೋಕಸ್ ಆದ ಅಂಚುಗಳಿಗೆ ಬಣ್ಣ ಹಚ್ಚಿ ತೋರಿಸುವ ಫೋಕಸ್ ಪೀಕಿಂಗ್ ಹಾಕಿಕೊಳ್ಳಿ, ಆದರೆ ಅದನ್ನೇ ನಂಬಬೇಡಿ. ಫೋಕಸ್ ದೊಡ್ಡದು ಮಾಡಿ ತೋರಿಸುವ ಸೌಲಭ್ಯವನ್ನು ಬೆರಳಿಗೆ ಸಿಗುವ ಬಟನ್ನಿಗೆ ಕೊಡಿ. ಕೈ ನಡುಕ ತಡೆಯುವ ಸ್ಟೆಬಿಲೈಸೇಶನ್ ಕ್ಯಾಮೆರಾದೊಳಗೇ ಇದ್ದರೆ, ಲೆನ್ಸಿನ ಎಂಎಂ ಅಂಕಿ 55 ಎಂದು ಕೈಯಾರೆ ತುಂಬಬೇಕು.

ಈ ಲೆನ್ಸು ತಾನೇ ತಾನಾಗಿ 1:2ರವರೆಗೆ ಹೋಗುತ್ತದೆ, ಅಂದರೆ ವಸ್ತು ಸೆನ್ಸರಿನ ಮೇಲೆ ಅರ್ಧ ಗಾತ್ರದಲ್ಲಿ ಬೀಳುತ್ತದೆ. ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ 27.5 ಮಿಲಿಮೀಟರಿನ ಖಾಲಿ ಎಕ್ಸ್‌ಟೆನ್ಶನ್ ರಿಂಗ್ ಸೇರಿಸಿದರೆ 1:1, ಅಂದರೆ ವಸ್ತುವಿನಷ್ಟೇ ಗಾತ್ರ. ಆಗ ಲೆನ್ಸಿಗೂ ಹುಳುವಿಗೂ ನಡುವೆ ನಾಲ್ಕು ಬೆರಳಿನಷ್ಟು ಜಾಗ ಅಷ್ಟೇ. ಚಿಟ್ಟೆ ಹಾರಿಹೋಗುತ್ತದೆ. ಚಿಟ್ಟೆಯ ಆಸೆ ಇದ್ದವರು ಟ್ಯಾಮ್ರಾನ್ 90 ಎಂಎಂ ಎಫ್ 2.5 ಹುಡುಕಿ.

ಹತ್ತಿರ ಹೋದಷ್ಟೂ ಬೆಳಕು ಕಡಿಮೆಯಾಗುತ್ತದೆ. ಎಫ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. 1:1ರಲ್ಲಿ ಅಪರ್ಚರ್ ರಿಂಗಿನ ಮೇಲೆ ಎಫ್ 8 ಇದ್ದರೂ ಸೆನ್ಸರಿಗೆ ಸಿಗುವುದು ಎಫ್ 16ರ ಬೆಳಕು. ಅದಕ್ಕಿಂತ ಮುಚ್ಚಿದರೆ ಚೂಪು ಹೋಗಿ ಮೆತ್ತಗಾಗುತ್ತದೆ. ಹಾಗಾಗಿ ಫ್ಲಾಶ್ ಬೇಕೇ ಬೇಕು. ಲೆನ್ಸಿನ ಜತೆ ಹಳೇ ಫ್ಲಾಶೂ ಸಿಕ್ಕಿತೆಂದು ಅದನ್ನು ಕ್ಯಾಮೆರಾದ ಮೇಲೆ ಏರಿಸಬೇಡಿ. ಕೆಲವದರ ಕ್ಯಾಮೆರಾಕ್ಕೆ ಕೂರುವ ಕಾಲಲ್ಲಿ 200 ವೋಲ್ಟಿಗೂ ಜಾಸ್ತಿ ಇರುತ್ತದೆ, ಕ್ಯಾಮೆರಾ ಸುಟ್ಟುಹೋಗಬಹುದು. ನಾನು ಸಾಧಾರಣ ಮ್ಯಾನ್ಯುಅಲ್ ಫ್ಲಾಶ್ ಹಾಕಿ, ಮುಂದೆ ಟ್ರೇಸಿಂಗ್ ಪೇಪರನ್ನು ಮೊರದ ಹಾಗೆ ಬಗ್ಗಿಸಿ ಕಟ್ಟಿದ್ದೇನೆ. ಫ್ಲಾಶ್ ಹಾಕಿದಾಗ ಎ6000ದಲ್ಲಿ ಶಟರ್ ವೇಗ ಸೆಕೆಂಡಿನ 1/160ಕ್ಕಿಂತ ಮೇಲೆ ಹೋಗುವ ಹಾಗಿಲ್ಲ. ಮೆನುವಿನಲ್ಲಿ 'ಸೆಟ್ಟಿಂಗ್ ಎಫೆಕ್ಟ್' ಆಫ್ ಮಾಡಿದರೆ ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ ಕತ್ತಲಾಗುವುದಿಲ್ಲ.

ತೋಟದಲ್ಲಿ ಫೋಕಸ್ ರಿಂಗ್ ತಿರುಗಿಸುತ್ತಾ ಕೂರಬೇಡಿ. ಎಷ್ಟು ದೊಡ್ಡದು ಬೇಕೋ ಅಷ್ಟಕ್ಕೆ ಮೊದಲೇ ಇಟ್ಟು, ಮೈಯನ್ನೇ ಹಿಂದೆ ಮುಂದೆ ಸರಿಸಿ. ಎಡಗೈಯ ಎರಡು ಬೆರಳಲ್ಲಿ ಎಲೆಯ ತೊಟ್ಟು ಹಿಡಿದು, ಅದೇ ಮಣಿಕಟ್ಟಿನ ಮೇಲೆ ಲೆನ್ಸನ್ನು ಊರಿ. ಗಾಳಿ ಬೀಸಿದರೂ ಎಲೆ, ಕ್ಯಾಮೆರಾ ಎರಡೂ ಒಟ್ಟಿಗೇ ತೂಗುತ್ತವೆ. ಚಗಳಿಯ ಎಲೆಯನ್ನು ಮಾತ್ರ ಹಿಡಿಯಬೇಡಿ, ಕೈಗೆ ಹತ್ತಿ ಕಚ್ಚುತ್ತವೆ.

ಮಳೆ ಹಿಡಿದು ತೋಟಕ್ಕೆ ಹೋಗಲಾಗದ ದಿನಗಳಲ್ಲಿ ಇದೇ ಲೆನ್ಸಿನಲ್ಲಿ ಮಾವನ ಹಳೇ ನೆಗೆಟಿವ್‌ಗಳನ್ನು ತೆಗೆಯುತ್ತಿದ್ದೇನೆ. ನನ್ನ ಚಿಕ್ಕ ಸೆನ್ಸರಿಗೆ 14 ಮಿಲಿಮೀಟರ್ ರಿಂಗ್ ಸಾಕು. ಕೆಳಗೆ ಬಿಳಿ ಬೆಳಕಿನ ಎಲ್‌ಇಡಿ ಹಲಗೆ. ಕ್ಯಾಮೆರಾ ನೆಟ್ಟಗಿದೆಯೋ ಇಲ್ಲವೋ ನೋಡಲು ಮಾವ ಹೇಳಿಕೊಟ್ಟ ಉಪಾಯ ಇದು: ನೆಗೆಟಿವ್ ಇಡುವ ಜಾಗದಲ್ಲಿ ಪುಟ್ಟ ಕನ್ನಡಿ ಮಲಗಿಸಿ. ಅದರಲ್ಲಿ ಲೆನ್ಸಿನ ಪ್ರತಿಬಿಂಬ ಫ್ರೇಮಿನ ನಟ್ಟನಡುವೆ ಬರುವವರೆಗೂ ಕ್ಯಾಮೆರಾವನ್ನು ಅಲುಗಿಸುತ್ತಾ ಹೋಗಿ. ಬಂದ ಮೇಲೆ ಸ್ಕ್ರೂ ಬಿಗಿಮಾಡಿ, ಕನ್ನಡಿ ತೆಗೆದು ನೆಗೆಟಿವ್ ಇಡಿ.