ಸ್ಟೀಲ್ ಲೋಟದ ಮೇಲೆ ಕ್ಲಿಂಗನ್: ನನ್ನ ಅನುಭವ

ಸ್ಟಾರ್ ಟ್ರೆಕ್ ಕಥೆಗಳ ಕ್ಲಿಂಗನ್ ಜನರಿಗಾಗಿ ಕಟ್ಟಿದ ಭಾಷೆ ಕ್ಲಿಂಗನ್. ಅದರ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದು ಕಲಿಯುತ್ತೇನೆ ಅಂದಾಗ, ಅದನ್ನು ಕಲಿಯುವ ನಮ್ಮ ಗುಂಪಿನಲ್ಲಿ ಒಬ್ಬರೂ ಒಪ್ಪಲಿಲ್ಲ. "ಉಚ್ಚಾರಣೆ ಹಾಳಾಗುತ್ತೆ ಗುರು, ಇಂಗ್ಲಿಷ್ ಅಕ್ಷರದಲ್ಲೇ ಕಲಿ" ಅಂದರು. ಹೋದ ತಿಂಗಳು ವಿಡಿಯೋ ಕಾಲ್‌ನಲ್ಲಿ ಹಳೆಯ ಕಲಿಕೆಗಾರರೊಬ್ಬರಿಗೆ ಪಾತ್ರೆ, ಪಾನೀಯಗಳ 10 ಪದ ಹೇಳಿದೆ. ಕಿವಿಯಲ್ಲಿ ಕೇಳಿಯೇ 9 ಸರಿಯಾಗಿ ಬರೆದುಕೊಂಡರು. ಎರಡು ವರ್ಷದ ಹಿಂದೆ ಇದೇ ಪರೀಕ್ಷೆಯಲ್ಲಿ ನಾಲ್ಕೋ ಐದೋ ದಾಟಿದ್ದವು.

ಮೊದಲು ಹೋದ ದುಡ್ಡಿನ ಲೆಕ್ಕ. ಈ ಭಾಷೆ ಕಟ್ಟಿದ ಮಾರ್ಕ್ ಓಕ್ರಾಂಡ್ 1985ರಲ್ಲಿ ತಂದ ನಿಘಂಟಿನ 1992ರ ಆವೃತ್ತಿ ಹಳೇ ಪ್ರತಿಗೆ ಸುಮಾರು 1,200 ರೂಪಾಯಿ. ಅವರದೇ 1997ರ ಪುಸ್ತಕ ತರಿಸಿಕೊಳ್ಳಲು ಅಂಚೆ ಖರ್ಚು ಸೇರಿ 2,000 ದಾಟಿತು. ಊಟ, ಕುಡಿತದ ಮಾತು ಅದರಲ್ಲೇ ಜಾಸ್ತಿ, ಹಾಗಾಗಿ ಬೇಸರವಿಲ್ಲ. ಬೇಸರ ಆಗಿದ್ದು 900 ರೂಪಾಯಿ ಕೊಟ್ಟು ಮಾಡಿಸಿದ, ಇಂಗ್ಲಿಷ್ ಅಕ್ಷರದಲ್ಲಿ ಪದ ಬರೆದ ಕಾರ್ಡುಗಳದ್ದು. ದೊಡ್ಡ ಐ ಯಾವುದು, ಚಿಕ್ಕ ಎಲ್ ಯಾವುದು ಅಂತಲೇ ಗೊತ್ತಾಗುತ್ತಿರಲಿಲ್ಲ. ಚಿಕ್ಕ ಕ್ಯೂ ಬೇರೆ, ದೊಡ್ಡ ಕ್ಯೂ ಬೇರೆ. ನಿಮಗೂ ಆಗಿರುತ್ತೆ, ಅಲ್ವಾ? ಆರು ತಿಂಗಳು ನಾನು ಅಕ್ಷರದ ಆಕಾರ ನೆನಪಿಟ್ಟುಕೊಂಡೆ. ದನಿ ತಲೆಗೆ ಹತ್ತಲೇ ಇಲ್ಲ.

ಕನ್ನಡದ ಕಡೆ ನೋಡಿ. ಕ್ಲಿಂಗನ್ನಿನ ಡ ನಮ್ಮ ಡ. ಅದರ ಷ ನಮ್ಮ ಷ, ನಾಲಿಗೆ ಮಡಿಸಿ ಹೇಳುವುದು. ಪದದ ಮೊದಲಿಗೇ ಬರುವ ಙ ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತಿದೆ. ಗಂಟಲಿನ ದನಿಗಳಿಗೆ ಅಡಿಯಲ್ಲಿ ಚುಕ್ಕಿ ಇಟ್ಟೆ. ಉಸಿರು ತಡೆಯುವ ಕಡೆ ಮೇಲೆ ಒಂದು ಚಿಕ್ಕ ಗುರುತು (’). ಹಾಗೆ ಲೋಟ ಖ಼ಿವ್‌ಜೆ’ ಆಯಿತು. ಜಗ್ಗು, ಬಾಟಲಿ ಎರಡಕ್ಕೂ ಬಾಲ್. ಪೀಪಾಯಿ ಕ಼ೆಗ಼್. ಏನನ್ನಾದರೂ ತುಂಬಿಡುವ ಪಾತ್ರೆ ಙಾಷ್‌ವಿ’.

ಪದ ಬರೆದ ಚೀಟಿಯನ್ನು ಪಾತ್ರೆಗೆ ಅಂಟಿಸಿದ್ದು ಎರಡೇ ದಿನಕ್ಕೆ ಸಿಂಕಿನಲ್ಲಿ ತೇಲುತ್ತಿತ್ತು. ಪ್ಲಾಸ್ಟಿಕ್ ಸ್ಟಿಕ್ಕರ್ 300 ರೂಪಾಯಿ, ಅದು ಒಂದು ವಾರ ಬಂತು. ಆಮೇಲೆ ಹೊಳೆಯಿತು. ನಮ್ಮ ಮನೆ ಪಾತ್ರೆಗಳ ಮೇಲೆಲ್ಲ ಅಜ್ಜಿಯ ಹೆಸರು ಕೊರೆಸಿದೆ, 40 ವರ್ಷ ತಿಕ್ಕಿದರೂ ಅಳಿಸಿಲ್ಲ.

ಆರು ಲೋಟ, ಒಂದು ಜಗ್ಗು, ಒಂದು ಡಬ್ಬ ಹಿಡಿದುಕೊಂಡು ಪಾತ್ರೆ ಅಂಗಡಿಗೆ ಹೋದೆ. ಅಕ್ಷರಕ್ಕೆ 5 ರೂಪಾಯಿ ಅಂದರು. ನನ್ನ ಚೀಟಿ ನೋಡಿ ಕನ್ನಡಕ ಏರಿಸಿದರು. "ಯಾರ ಹೆಸರು ಸಾರ್ ಇದು?" ಲೋಟದ ಹೆಸರು ಅಂದೆ. ಇನ್ನೇನೂ ಕೇಳಲಿಲ್ಲ. ಮಷಿನ್ ಟರ್ ಅಂತ ಶುರುವಾಯಿತು, ಸೂಜಿ ಮೊನೆ ಚುಕ್ಕಿ ಚುಕ್ಕಿಯಾಗಿ ಖ ಬಿಡಿಸಿತು, ಅಡಿಯಲ್ಲಿ ನನ್ನ ಚುಕ್ಕಿ. ಡಬ್ಬದ ಸರದಿ ಬಂದಾಗ ಕೈ ನಿಂತಿತು. "ಇಷ್ಟು ವರ್ಷದಲ್ಲಿ ಙ ಒಂದು ಸಲಾನೂ ಕೊರೆದಿಲ್ಲ ಸಾರ್." ಹಳೇ ತಟ್ಟೆಯೊಂದರ ಹಿಂಭಾಗದಲ್ಲಿ ಎರಡು ಸಲ ಬರೆದು ನೋಡಿ, ಆಮೇಲೆ ಡಬ್ಬಕ್ಕೆ ಕೈಹಾಕಿದರು. ಒಟ್ಟು 160ರ ಆಸುಪಾಸು ಕೊಟ್ಟೆ. ಕಾರ್ಡಿಗಿಂತ ಎಷ್ಟೋ ಅಗ್ಗ.

ದಿನಕ್ಕೆ ಹತ್ತು ಸಲ ಕೈಗೆ ಬರುವ ಪದ ಮರೆಯುವುದಿಲ್ಲ. ಎತ್ತುವಾಗೆಲ್ಲ ಜೋರಾಗಿ ಹೇಳಬೇಕು, ಅದೊಂದೇ ಕಟ್ಟಳೆ. ಎಲ್ಲಿಗೆ ಸುರಿದರೂ ಲಿಚ್. ಪಾತ್ರೆಗೆ ಬಗ್ಗಿಸಿದರೆ ಕ಼ಾಂಗ್. ಕಾಫಿ ಬಗ್ಗಿಸುತ್ತಾ ಬಗ್ಗಿಸುತ್ತಾ ಆ ವ್ಯತ್ಯಾಸ ಕೈಗೇ ಬಂತು. "ಎರಡು ಲೋಟ" ಅನ್ನುವಾಗ ನಾವು ಲೋಟಗಳು ಅನ್ನುವುದಿಲ್ಲ. ಕ್ಲಿಂಗನ್ನಿನಲ್ಲೂ ಚಾ’ ಖ಼ಿವ್‌ಜೆ’ ಅಂದರೆ ಸಾಕು, ಬಹುವಚನದ ಬಾಲ ಬೇಡ. ಖ಼ಿವ್‌ಜೆ’ಲಿಜ್‌ಡಾಕ಼್ ಅಂದರೆ "ನಿನ್ನ ಲೋಟದಲ್ಲಿ". ಪದಕ್ಕೆ ಪದ ಅಂಟಿಸಿಕೊಂಡು ಹೋಗುವುದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಒಂದು ಪೆಟ್ಟು ಬಿದ್ದಿದ್ದು ವ ಅಕ್ಷರದಲ್ಲಿ. ಖ಼ಿವ್‌ಜೆ’ಯ ವ ಹಲ್ಲು ತುಟಿಗೆ ತಾಗಿಸಿ ಹೇಳುವುದು. ಕ್ಲಿಂಗನ್ನರು ಕುಡಿಯುವ ರಕ್ತಮದ್ಯ ’ಇವ್ ಖ಼ಿಕ಼್‌ನ ವ ತುಟಿ ದುಂಡಗೆ ಮಾಡಿ ಹೇಳುವುದು. ಕನ್ನಡದಲ್ಲಿ ಎರಡಕ್ಕೂ ಒಂದೇ ಅಕ್ಷರ. ಮೂರು ತಿಂಗಳು ತಪ್ಪು ಹೇಳಿಕೊಂಡೇ ಇದ್ದೆ. ಈಗ ಎರಡನೆಯದಕ್ಕೆ ಬೇರೆ ಗುರುತು ಮಾಡಿಕೊಂಡಿದ್ದೇನೆ. ಕುಡಿ ಅನ್ನುವುದಕ್ಕಿರುವ ಕ್ಲಿಂಗನ್ ಪದದ ಎರಡು ತುದಿಯಲ್ಲೂ ಬರುವ ಆ ತ್ಲ್ ದನಿಗೂ ಒಂದು ಉಪಾಯ ಸಿಕ್ಕಿದೆ. ಅವೆರಡನ್ನೂ ಇಲ್ಲಿ ಬಿಡಿಸಿ ಹೇಳುವುದಿಲ್ಲ. ಪುಟ್ಟ ಪುಸ್ತಕ ಮಾಡುವ ಆಸೆಯಿದೆ.

ಅಳತೆಯ ಪ್ರಯೋಗವೂ ಒಂದು ನಡೆಯಿತು. ಚೆಬ್ ಅಂದರೆ ಕ್ಲಿಂಗನ್ನರ ತೂಕದ ಅಳತೆ, ಸುಮಾರು 2.25 ಕೆಜಿ. ಅದನ್ನೇ ನೀರಿಗೆ ಹಿಡಿದೆ. ಜಗ್ಗನ್ನು ತಕ್ಕಡಿ ಮೇಲಿಟ್ಟು, ಅದರ ತೂಕ ಕಳೆದು, 2.25 ಕೆಜಿ ಬರುವವರೆಗೆ ನೀರು ತುಂಬಿ ಒಳಗಡೆ ಗೆರೆ ಕೊರೆಸಿದೆ. "ತೂಕದ ಅಳತೆ ತಂದು ನೀರಿಗೆ ಹಾಕ್ತೀಯಲ್ಲ" ಅಂತ ಗುಂಪಿನಲ್ಲಿ ಗದ್ದಲ. ನಮ್ಮಲ್ಲಿ ಸೇರು ತೂಕಕ್ಕೂ ಇತ್ತು, ಹಾಲಿಗೂ ಇತ್ತು. ನನಗೆ ಅದರಲ್ಲಿ ತಪ್ಪು ಕಾಣಲಿಲ್ಲ. ನನ್ನ ಲೋಟ 150 ಮಿಲಿಯದು, ಒಂದು ಚೆಬ್ ನೀರಿಗೆ ಸರಿಯಾಗಿ 15 ಲೋಟ. ವಾ’ಮಾಖ಼್ ವಾಗ಼್, ಅಂದರೆ ಹದಿನೈದು. ನೀರು ಬಗ್ಗಿಸುತ್ತಾ ಎಣಿಸಿಯೇ ನನಗೆ ಒಂದರಿಂದ ಹದಿನೈದರವರೆಗೆ ಸಂಖ್ಯೆ ಬಂದಿದ್ದು.

ಬೀಟ್‌ರೂಟ್, ಪುನರ್ಪುಳಿ ಹಾಕಿ ರಕ್ತಮದ್ಯದ ಬಣ್ಣದ ಪಾನಕವನ್ನೂ ಮಾಡಿದೆ. ಮೊದಲ ಸಲ ಮಣ್ಣಿನ ವಾಸನೆ ಹೊಡೆಯಿತು. ಬೀಟ್‌ರೂಟ್ ಅರ್ಧ ಮಾಡಿ ಶುಂಠಿ ಹಾಕಿದ ಮೇಲೆ ಎಂಟು ಜನ ಕೂತು ಎರಡು ಜಗ್ಗು ಖಾಲಿ ಮಾಡಿದರು. ಉಚ್ಚಾರಣೆ ಹಾಳಾಗುತ್ತೆ ಅಂದವರೂ ಇದ್ದರು. ಹೋಗುವಾಗ ಅವರಲ್ಲಿ ಒಬ್ಬರು ಪಾತ್ರೆ ಅಂಗಡಿ ಎಲ್ಲಿ ಅಂತ ಕೇಳಿದರು.

ಮುಂದಿನ ಸರದಿ ತಟ್ಟೆಗಳದ್ದು. ಒಂದು ತಟ್ಟೆಗೆ ಜೆಂಗ್‌ವಾ’, ಬಹಳ ಇದ್ದರೆ ಪದವೇ ಬದಲಾಗಿ ಙೊಪ್. ಹಾಗಾಗಿ ಒಂದೊಂದು ತಟ್ಟೆಯ ಮೇಲೆ ಜೆಂಗ್‌ವಾ’, ತಟ್ಟೆ ಸ್ಟ್ಯಾಂಡಿನ ಮೇಲೆ ಙೊಪ್ ಕೊರೆಸಬೇಕು. ಅಂಗಡಿಯವರಿಗೆ ಈಗ ಙ ಚೆನ್ನಾಗಿ ಕೂತಿದೆ.