ವಿಕಟಕವಿಯಿಂದ ಗಂಟೆಯಾಕಾರದ ಗೆರೆವರೆಗೆ: ನಾನು ಎಣಿಸಲು ಕಲಿತ ಕಥೆ

ಶಾಲೆಯಲ್ಲಿ ನನಗೆ ಬೀಜಗಣಿತ ಕಷ್ಟ ಅನ್ನಿಸಿದ್ದು ಕಡಿಮೆ. ವರ್ಗ ಸಮೀಕರಣ ಕೊಟ್ಟರೆ ಎರಡು ಸಾಲಲ್ಲಿ ಬಿಡಿಸಿ ಪಕ್ಕಕ್ಕಿಡುತ್ತಿದ್ದೆ. ಆದರೆ ಕ್ರಮಯೋಜನೆ (ಸಾಲಾಗಿ ಜೋಡಿಸುವ ಬಗೆಗಳ ಎಣಿಕೆ), ವಿಕಲ್ಪ (ಬರೀ ಆರಿಸುವ ಬಗೆಗಳ ಎಣಿಕೆ), ಸಂಭವನೀಯತೆ ಅಂದ ಕೂಡಲೇ ಕೈ ನಿಂತುಹೋಗುತ್ತಿತ್ತು. ಈ ಪಾಠದಲ್ಲಿ ತಪ್ಪು ಉತ್ತರವೂ ಸರಿ ಉತ್ತರದಷ್ಟೇ ಸಭ್ಯವಾಗಿ ಕಾಣುತ್ತದೆ, ತೊಂದರೆ ಇರುವುದೇ ಅಲ್ಲಿ. ಸಮೀಕರಣವಾದರೆ ಬೆಲೆ ಹಾಕಿ ತಾಳೆ ನೋಡಬಹುದು. ಇಲ್ಲಿ 112 ಅಂತ ಬಂದರೆ ಅದು ಸರಿಯೋ ತಪ್ಪೋ ಹೇಳುವವರು ಯಾರು?

ಎಷ್ಟೋ ವರ್ಷದ ಮೇಲೆ ಅಕ್ಕನ ಮಗಳು ಇದೇ ಪಾಠ ಹಿಡಿದುಕೊಂಡು ಬಂದಳು. "ಚಿಕ್ಕಿ, ಇದು ಎನ್‌ಪಿಆರಾ, ಎನ್‌ಸಿಆರಾ?" ಅಂದಳು, ಅಂದರೆ ಕ್ರಮಯೋಜನೆಯ ಸೂತ್ರವೋ, ವಿಕಲ್ಪದ್ದೋ ಅಂತ. "ಕ್ರಮ ಮುಖ್ಯ ಆದರೆ ಎನ್‌ಪಿಆರ್, ಇಲ್ಲದಿದ್ದರೆ ಎನ್‌ಸಿಆರ್" ಅಂತ ಬಾಯಿಪಾಠ ಒಪ್ಪಿಸಿದೆ. "ಕ್ರಮ ಮುಖ್ಯವೋ ಅಲ್ವೋ ಅಂತ ಹೇಗೆ ಗೊತ್ತಾಗೋದು?" ಅಂದಳು. ನನಗೆ ಗೊತ್ತಿರಲಿಲ್ಲ. ನಾಳೆ ಹೇಳ್ತೀನಿ ಅಂತ ಜಾರಿಕೊಂಡೆ.

ಆವತ್ತೇ ಒಂದು ಹೊಸ ನೋಟ್‌ಬುಕ್ ತೆಗೆದೆ. ದಿನಕ್ಕೆ ಅರ್ಧ ಗಂಟೆ, ಹೆಚ್ಚೂಕಡಿಮೆ ಮೂರು ತಿಂಗಳು ಕೂತೆ. ಒಂದೇ ಕಟ್ಟುಪಾಡು ಹಾಕಿಕೊಂಡಿದ್ದೆ: ಮೊದಲ ಎರಡು ವಾರ ಸೂತ್ರ ಮುಟ್ಟುವ ಹಾಗಿಲ್ಲ. ಎಷ್ಟು ಬಗೆ ಅಂತ ಕೇಳಿದರೆ ಅಷ್ಟೂ ಬಗೆಯನ್ನು ಕೈಯಲ್ಲಿ ಬರೆಯಬೇಕು. ಲೆಕ್ಕ ದೊಡ್ಡದಿದ್ದರೆ ಅದೇ ಥರದ ಚಿಕ್ಕ ಲೆಕ್ಕ ಮಾಡಿಕೊಂಡು ಬರೆಯಬೇಕು.

ಮೊದಲು ಹಿಡಿದದ್ದು "ಕನಕ" ಅನ್ನುವ ಪದ. ಮೂರು ಅಕ್ಷರ, ಎಷ್ಟು ಬಗೆಯಲ್ಲಿ ಜೋಡಿಸಬಹುದು? 3 × 2 × 1, ಅಂದರೆ 6 ಅಂತ ಬಾಯಿಗೆ ಬಂತು. ಬರೆಯಲು ಕೂತರೆ ಕನಕ, ಕಕನ, ನಕಕ, ಅಷ್ಟೇ, ಮೂರರ ಮೇಲೆ ಹುಟ್ಟಲಿಲ್ಲ. ಆಮೇಲೆ ಒಂದು "ಕ"ವನ್ನು ಕೆಂಪು ಪೆನ್ನಲ್ಲಿ, ಇನ್ನೊಂದನ್ನು ನೀಲಿಯಲ್ಲಿ ಬರೆದೆ. ಈಗ ಆರೂ ಬಂದವು. ಬಣ್ಣ ಮರೆತು ನೋಡಿದರೆ ಎರಡೆರಡು ಸೇರಿ ಒಂದಾಗುತ್ತಿದ್ದವು. ಸೂತ್ರದಲ್ಲಿ ಕೆಳಗೆ ಭಾಗಿಸುವ ಆ 2 ಫ್ಯಾಕ್ಟೋರಿಯಲ್ (2 × 1) ಅಂದರೆ ಇದು! ಬಣ್ಣ ಅಳಿಸಿದಾಗ ಎಷ್ಟು ಸಾಲು ಒಂದೇ ಆಗಿಬಿಡುತ್ತವೋ ಅಷ್ಟರಿಂದ ಭಾಗಿಸುವುದು. ಅಕ್ಕನ ಮಗಳ ಪ್ರಶ್ನೆಗೂ ಉತ್ತರ ಅಲ್ಲೇ ಇತ್ತು. ಎರಡು ಸಾಲು ಬರೆದು, "ಇವೆರಡೂ ಬೇರೆಯಾ, ಒಂದೇನಾ?" ಅಂತ ಕೇಳಿಕೊಳ್ಳಬೇಕು. ಒಂದೇ ಅನ್ನಿಸಿದರೆ ಭಾಗಿಸು, ಬೇರೆ ಅನ್ನಿಸಿದರೆ ಬಿಡು.

ಅದಾದ ಮೇಲೆ "ವಿಕಟಕವಿ". ಐದು ಅಕ್ಷರ, "ವಿ" ಎರಡು, "ಕ" ಎರಡು. 5 × 4 × 3 × 2 × 1, ಅಂದರೆ 120ನ್ನು 2ರಿಂದ ಒಮ್ಮೆ, ಮತ್ತೆ 2ರಿಂದ ಇನ್ನೊಮ್ಮೆ ಭಾಗಿಸಿದರೆ 30. ಮೂವತ್ತನ್ನೂ ಬರೆದೆ, ಒಂದು ಸಂಜೆ ಪೂರ್ತಿ ಅದಕ್ಕೇ ಹೋಯಿತು. ಹಿಂದಿನಿಂದ ಓದಿದರೂ ಅದೇ ಬರುವಂಥವು ಎಷ್ಟು ಅಂತ ನೋಡಿದೆ. ಒಂಟಿ "ಟ" ನಡುವೆಯೇ ಕೂರಬೇಕು, ಮೊದಲ ಎರಡು ಅಕ್ಷರ ತೀರ್ಮಾನವಾದರೆ ಕೊನೆಯ ಎರಡು ತಾವಾಗಿಯೇ ಬರುತ್ತವೆ. ಹಾಗಾಗಿ ಎರಡೇ: ವಿಕಟಕವಿ, ಕವಿಟವಿಕ. ಅಕ್ಷರಗಳನ್ನು ಕಲಸಿ ಹಾಕಿದರೆ ಇಂಥದ್ದು ಬರುವ ಸಂಭವನೀಯತೆ 2/30, ಅಂದರೆ 1/15. ಸಂಭವನೀಯತೆ ಅಂದರೆ ಎರಡು ಎಣಿಕೆ ಮತ್ತು ಒಂದು ಭಾಗಾಕಾರ ಅಂತ ನನಗೆ ನಿಜವಾಗಿ ಅರ್ಥವಾದದ್ದು ಆ ಸಂಜೆ.

ಈಗ ಆ 112ರ ಕಥೆ. 5 ಹುಡುಗರು, 4 ಹುಡುಗಿಯರು, ಇವರಲ್ಲಿ 3 ಜನರ ತಂಡ, ಕನಿಷ್ಠ ಒಬ್ಬ ಹುಡುಗಿ ಇರಬೇಕು. ನಾನು ಮಾಡಿದ್ದು ಹೀಗೆ: ಮೊದಲು ಒಬ್ಬ ಹುಡುಗಿಯನ್ನು ಆರಿಸು, 4 ಬಗೆ. ಉಳಿದ 8 ಜನರಲ್ಲಿ ಯಾರಾದರೂ ಇಬ್ಬರು, 28 ಬಗೆ. ಗುಣಿಸಿದರೆ 112. ಎಷ್ಟು ನೀಟಾಗಿದೆ ಅಲ್ವಾ? ಆದರೆ ಯಾವ ಷರತ್ತೂ ಇಲ್ಲದೆ 9 ಜನರಲ್ಲಿ 3 ಜನರ ತಂಡ ಮಾಡಿದರೇ ಆಗುವುದು 84. ಷರತ್ತು ಹಾಕಿದ ಮೇಲೆ ಜಾಸ್ತಿ ಆಗುವುದು ಹೇಗೆ? ಇಷ್ಟು ವರ್ಷ ಈ ತಾಳೆಯನ್ನು ನಾನು ನೋಡಿರಲೇ ಇಲ್ಲ. ಸರಿ ಉತ್ತರ ಒಟ್ಟು 84ರಲ್ಲಿ ಬರೀ ಹುಡುಗರ 10 ತಂಡ ಕಳೆದರೆ ಬರುವ 74.

ಸರಿ ಉತ್ತರ ಸಿಕ್ಕಿತು ಅಂತ ಮುಂದೆ ಹೋಗಬಹುದಿತ್ತು. ಆದರೆ ಆ 38 ಜಾಸ್ತಿ ಎಲ್ಲಿಂದ ಬಂತು ಅಂತ ತಲೆ ಕೊರೆಯುತ್ತಿತ್ತು. ಬಿಡಿಸಿ ನೋಡಿದೆ. ಒಬ್ಬಳೇ ಹುಡುಗಿ ಇರುವ ತಂಡ 40, ಇಬ್ಬರಿರುವುದು 30, ಮೂವರೂ ಹುಡುಗಿಯರೇ ಆದದ್ದು 4. ನನ್ನ ದಾರಿಯಲ್ಲಿ ಇಬ್ಬರು ಹುಡುಗಿಯರಿರುವ ತಂಡ ಎರಡು ಸಲ ಎಣಿಕೆಯಾಗುತ್ತದೆ, ಮೂವರಿರುವುದು ಮೂರು ಸಲ. 40 + 60 + 12, ಸರಿಯಾಗಿ 112! ತಪ್ಪು ಉತ್ತರದ ಜಾತಕ ಪೂರ್ತಿ ಸಿಕ್ಕಿದ ಖುಷಿ ಸರಿ ಉತ್ತರಕ್ಕಿಂತ ದೊಡ್ಡದಾಗಿತ್ತು. ಆಮೇಲಿಂದ ನೋಟ್‌ಬುಕ್ಕಿನ ಹಿಂದಿನ ಪುಟಗಳು ತಪ್ಪುಗಳಿಗೇ ಮೀಸಲಾದವು. ತಪ್ಪು ಉತ್ತರ, ಅದು ಹುಟ್ಟಿದ ದಾರಿ, ಎರಡನ್ನೂ ಬರೆಯುತ್ತಿದ್ದೆ. ವಾರಕ್ಕೊಮ್ಮೆ ಅಲ್ಲಿಂದ ಎರಡು ಲೆಕ್ಕ ಆರಿಸಿ, ಉತ್ತರ ಮುಚ್ಚಿ ಮತ್ತೆ ಮಾಡುತ್ತಿದ್ದೆ.

ಸಂಭವನೀಯತೆಯಲ್ಲಿ ನನ್ನ ಹಳೇ ಚಾಳಿ ಕೂಡಿಸುವುದು. ದಾಳ ನಾಲ್ಕು ಸಲ ಹಾಕಿದರೆ ಒಂದು ಸಲವಾದರೂ 6 ಬೀಳುವ ಸಂಭವನೀಯತೆ ಎಷ್ಟು ಅಂದರೆ 4/6 ಅನ್ನುತ್ತಿದ್ದೆ. ಹಾಗಾದರೆ ಆರು ಸಲ ಹಾಕಿದರೆ 6 ಬಿದ್ದೇ ಬೀಳಬೇಕು! ದಾಳ ಕೈಯಲ್ಲಿ ಹಿಡಿದ ಯಾರೂ ಇದನ್ನು ಒಪ್ಪುವುದಿಲ್ಲ. ಒಮ್ಮೆಯೂ ಬೀಳದಿರುವುದನ್ನು ಮೊದಲು ಲೆಕ್ಕ ಹಾಕಬೇಕು: 5/6ನ್ನು ನಾಲ್ಕು ಸಲ ಗುಣಿಸಿದರೆ 625/1296. ಇದನ್ನು ಒಂದರಿಂದ ಕಳೆದರೆ 671/1296, ಅರ್ಧಕ್ಕಿಂತ ಚೂರೇ ಚೂರು ಜಾಸ್ತಿ. ಇಂಥ ಜೂಜಿನ ಲೆಕ್ಕಗಳ ಬಗ್ಗೆಯೇ 1654ರಲ್ಲಿ ಗಣಿತಜ್ಞರಾದ ಪಾಸ್ಕಲ್ ಮತ್ತು ಫರ್ಮಾ ಒಬ್ಬರಿಗೊಬ್ಬರು ಕಾಗದ ಬರೆದುಕೊಂಡದ್ದು. ನೂರು ವರ್ಷದ ಮೇಲೆ, 1754ರಲ್ಲಿ, ಡಿಅಲಂಬೇರ್‌ನಂಥ ದೊಡ್ಡ ಗಣಿತಜ್ಞನೇ ನಾಣ್ಯ ಎರಡು ಸಲ ಹಾಕಿದರೆ ಒಮ್ಮೆಯಾದರೂ ಹೆಡ್ ಬೀಳುವುದು 2/3 ಅಂತ ವಾದಿಸಿದ. ಮೊದಲೇ ಹೆಡ್ ಬಿದ್ದರೆ ಆಟ ಮುಗಿಯಿತಲ್ಲ, ಹಾಗಾಗಿ ಮೂರೇ ಸಾಧ್ಯತೆ ಅನ್ನುವುದು ಅವನ ಲೆಕ್ಕ. ಸರಿ ಉತ್ತರ 3/4, ಯಾಕೆಂದರೆ ಆ ಮೂರು ಒಂದೇ ತೂಕದವಲ್ಲ. ಇದನ್ನು ಓದಿದ ದಿನ ನನ್ನ ತಪ್ಪುಗಳ ಪುಟ ನೋಡಿ ನಾಚಿಕೆಪಡುವುದನ್ನು ಬಿಟ್ಟೆ.

ನಾರ್ಮಲ್ ವಿತರಣೆಗೆ (ಸರಾಸರಿಯ ಸುತ್ತ ಹೆಚ್ಚು, ದೂರ ಹೋದಂತೆ ಕಡಿಮೆ ಬೀಳುವ ಹರಡಿಕೆಗೆ) ಬಂದಾಗ ಮತ್ತೆ ಹೆದರಿಕೆ. ಗಂಟೆಯಾಕಾರದ ಆ ಗೆರೆ ಎಲ್ಲಿಂದಲೋ ಉದುರಿದ ಹಾಗೆ ಇತ್ತು. ಹಾಗಾಗಿ ಅಲ್ಲೂ ಎಣಿಕೆಯಿಂದಲೇ ಹತ್ತಿದೆ. ನಾಣ್ಯ 10 ಸಲ ಹಾಕಿ ಎಷ್ಟು ಹೆಡ್ ಅಂತ ಬರೆಯುವುದು, ಇದನ್ನೇ 100 ಸುತ್ತು. ನಾಲ್ಕು ದಿನ ಹಿಡಿಯಿತು, ಟಣ್ ಟಣ್ ಸದ್ದಿಗೆ ಮನೆಯವರಿಗೆ ಬೇಜಾರಾಯಿತು. ಒಟ್ಟು 1024 ಸಾಧ್ಯತೆಯಲ್ಲಿ 5 ಹೆಡ್ ಬರುವುದು 252, ಅಂದರೆ ನೂರಕ್ಕೆ 25ರ ಹತ್ತಿರ. ನನಗೆ ಬಂದದ್ದು 22. ಗ್ರಾಫ್ ಹಾಳೆಯಲ್ಲಿ ಕಂಬ ಎಳೆದರೆ ಅಂಕುಡೊಂಕಾಗಿ, ಆದರೂ ಗಂಟೆ ಥರವೇ ಕಂಡಿತು. ಇಲ್ಲಿ ಸರಾಸರಿ 5, ಮಾನಕ ವಿಚಲನೆ (ಸರಾಸರಿಯಿಂದ ಎಷ್ಟು ಹರಡಿವೆ ಅನ್ನುವ ಅಳತೆ) 1.58. ಸರಾಸರಿಯಿಂದ ಒಂದು ವಿಚಲನೆಯ ಒಳಗೆ ಬೀಳುವುದು 4, 5, 6. ಅವುಗಳ ಪಾಲು 672/1024, ಶೇಕಡಾ 65.6. ಒಂದು, ಎರಡು, ಮೂರು ವಿಚಲನೆಯ ಒಳಗೆ ಶೇಕಡಾ ಎಷ್ಟು ಅಂತ ಪುಸ್ತಕ ಕೊಡುವ 68, 95, 99.7ರಲ್ಲಿ ಆ 68 ಎಲ್ಲಿಂದ ಬರುತ್ತದೆ ಅಂತ ಒಂದು ಅಂದಾಜಾದರೂ ಸಿಕ್ಕಿತು.

ಸರಾಸರಿಯಿಂದ ಎಷ್ಟು ವಿಚಲನೆ ದೂರ ಅನ್ನುವ ಸಂಖ್ಯೆಯೇ ಝಡ್. ಅದರ ಕೋಷ್ಟಕ ನೋಡುವುದು ಕಷ್ಟವಲ್ಲ, ಚಿತ್ರ ಬರೆಯದೆ ನೋಡುವುದು ಅಪಾಯ. ಸರಾಸರಿ ಅಂಕ 60, ವಿಚಲನೆ 12, 78ಕ್ಕಿಂತ ಹೆಚ್ಚು ತೆಗೆದವರು ಶೇಕಡಾ ಎಷ್ಟು? ಝಡ್ 1.5, ಕೋಷ್ಟಕದಲ್ಲಿ 0.9332. ನಾನು ಸುಮ್ನೆ 93 ಅಂತ ಬರೆದುಬಿಟ್ಟಿದ್ದೆ. ಕೋಷ್ಟಕ ಕೊಡುವುದು ಎಡಗಡೆಯ ಪಾಲು, ಬೇಕಾದದ್ದು ಬಲಗಡೆ ಬಾಲ, ಅಂದರೆ ಶೇಕಡಾ 6.7. ಗಂಟೆಯಾಕಾರದ ಗೆರೆ ಗೀಚಿ ಅದರ ಬಾಲಕ್ಕೆ ಗೀಟು ಹಾಕಿದ್ದರೆ ಅದು 93 ಆಗಲಾರದು ಅಂತ ಕಣ್ಣೇ ಹೇಳುತ್ತಿತ್ತು. ಈಗ ಚಿತ್ರ ಬರೆಯದೆ ಕೋಷ್ಟಕ ತೆಗೆಯುವುದಿಲ್ಲ.

ಕೊನೆಗೆ ಒಂದು ದಿನ ಅಕ್ಕನ ಮಗಳ ಜೊತೆ ಕೂತು ಮಾಡಿದ ಲೆಕ್ಕ: ನಾಣ್ಯ 100 ಸಲ ಹಾಕಿದರೆ 45ರಿಂದ 55ರವರೆಗೆ ಹೆಡ್ ಬರುವ ಸಂಭವನೀಯತೆ. ಎಣಿಕೆಯ ದಾರಿಯಲ್ಲಿ ಹೋದರೆ ಹನ್ನೊಂದು ಎನ್‌ಸಿಆರ್ ಕೂಡಿಸಬೇಕು, ನಡುವಿನದೊಂದೇ 30 ಅಂಕಿಯ ಸಂಖ್ಯೆ. 1733ರಲ್ಲಿ ಗಣಿತಜ್ಞ ಡಿ ಮುವಾವ್ರ್ ಈ ಗೆರೆಯನ್ನು ಹಿಡಿದು ತಂದದ್ದೇ ಇಂಥ ಕೂಡಿಕೆ ತಪ್ಪಿಸಲಿಕ್ಕೆ. ಸರಾಸರಿ 50, ವಿಚಲನೆ 5, ಹಾಗಾದರೆ ಒಂದು ವಿಚಲನೆ ಆಚೆ ಈಚೆ, 0.68 ಅಂದಳು. ಕಂಪ್ಯೂಟರಿನಲ್ಲಿ ಎಣಿಸಿ ನೋಡಿದರೆ 0.7287. "ಗೆರೆ ಸುಳ್ಳು ಹೇಳ್ತಾ ಚಿಕ್ಕಿ?" ಅಂದಳು. ಹಳೇ ಗ್ರಾಫ್ ಹಾಳೆ ತೆಗೆದು ಕಂಬಗಳನ್ನು ತೋರಿಸಿದೆ. 45ರ ಕಂಬ 45ರಲ್ಲಿ ಶುರುವಾಗುವುದಿಲ್ಲ, 44.5ರಲ್ಲಿ ಶುರುವಾಗುತ್ತದೆ. 55ರದ್ದು 55.5ಕ್ಕೆ ಮುಗಿಯುತ್ತದೆ. ಎರಡೂ ಕಡೆ ಅರ್ಧರ್ಧ ಕಂಬ ಕತ್ತರಿಸಿ ಬಿಸಾಕಿದ್ದೆವು. 5.5ನ್ನು 5ರಿಂದ ಭಾಗಿಸಿ ಝಡ್ಡನ್ನು 1.1 ಮಾಡಿಕೊಂಡು ಅವಳೇ ಕೋಷ್ಟಕ ತೆಗೆದಳು. 0.7286.