ಬೇಸರದ ಹಾಡಿಗೆ ಮೊದಲು ಎರಡು ಮಾತು

2019ರಲ್ಲಿ ನಾನು ಕಟ್ಟಿದ ಮೊದಲ ಹಾಡಿನ ಪಟ್ಟಿಯಲ್ಲಿ 34 ಹಾಡುಗಳಿದ್ದವು. ಎರಡು ತಾಸಿಗೂ ಜಾಸ್ತಿ. ಎಲ್ಲವೂ ಮೆಲ್ಲಗೆ ನಡೆಯುವ, ಮುಖ ಸಣ್ಣಗೆ ಮಾಡಿಕೊಂಡ ಇಂಡೀ ಬ್ಯಾಂಡುಗಳ, ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದೆ ಹಾಡು ಮಾಡುವವರ, ಹಾಡು. 'ಬೇಸರದ ಹಾಡುಗಳು' ಅಂತ ಹೆಸರಿಟ್ಟು ಕಲಬುರಗಿಯ ಹನ್ನೊಂದು ಗೆಳೆಯರಿಗೆ ವಾಟ್ಸಾಪಿನಲ್ಲಿ ಲಿಂಕ್ ಕಳಿಸಿದೆ. ಎರಡು ದಿನ ಯಾರೂ ಉಸಿರೆತ್ತಲಿಲ್ಲ. ಮೂರನೇ ದಿನ ಒಬ್ಬ ಕೇಳಿದ: "ಬ್ಯಾಸರಾದಾಗ ಕೇಳಾವೋ, ಕೇಳಿದ್ರ ಬ್ಯಾಸರ ಬರಾವೋ?" ಇನ್ನೊಬ್ಬ ಮೂರು ಹಾಡು ಕೇಳಿ, "ಎಲ್ಲಾ ಒಂದೇ ಹಾಡು ಅನಸ್ಲತ್ತದಲ್ಲೋ" ಅಂದ. ಉಳಿದವರು ಹೆಬ್ಬೆರಳು ಕಳಿಸಿದರು. ಹೆಬ್ಬೆರಳು ಬಂತು ಅಂದರೆ ಕೇಳಿಲ್ಲ ಅಂತ ಅರ್ಥ, ನಿಮಗೂ ಗೊತ್ತಲ್ವಾ.

ಮೊದಲನೆಯವನ ಪ್ರಶ್ನೆ ತಮಾಷೆಯದೇ. ಆದರೂ ಅದು ತಲೆಯಲ್ಲಿ ಕೂತಿತು. ನಮ್ಮ 'ಬೇಸರ' ದುಃಖವೂ ಹೌದು, ಬೋರೂ ಹೌದು. ನಾನು ಮೊದಲನೆಯದನ್ನು ಮನಸ್ಸಿನಲ್ಲಿಟ್ಟು ಕಳಿಸಿದ್ದೆ. ಅವರಿಗೆ ಎರಡನೆಯದು ತಲುಪಿತ್ತು.

ನಮ್ಮ ಕಾಕಾನದು ಸೂಪರ್ ಮಾರ್ಕೆಟ್ ಹತ್ತಿರ ಕ್ಯಾಸೆಟ್ ತುಂಬಿಸುವ ಅಂಗಡಿ ಇತ್ತು. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಕೂಡುತ್ತಿದ್ದೆ. ಗಿರಾಕಿ ಚೀಟಿಯಲ್ಲಿ ಹಾಡು ಬರೆದುಕೊಂಡು ಬರುತ್ತಿದ್ದ. ಕಾಕಾ ಚೀಟಿ ಓದುವ ಮೊದಲೇ ಕೇಳುತ್ತಿದ್ದ: "ಎಲ್ಲಿ ಕೇಳಾವಪ್ಪಾ ಇವು? ಟ್ರ್ಯಾಕ್ಟರಿಗೋ, ಮನಿಗೋ?" ಟ್ರ್ಯಾಕ್ಟರಿಗೆ ಅಂದರೆ ಜೋರಿನ ಹಾಡು ಮುಂದಕ್ಕೆ ಬರುತ್ತಿದ್ದವು. ಮನೆಗೆ ಅಂದರೆ ಚೀಟಿಯಲ್ಲಿದ್ದ ಒಂದೆರಡು ಹಾಡನ್ನು ಅವನೇ ಹೊಡೆದುಹಾಕುತ್ತಿದ್ದ. ಸಿ-60 ಅಂದರೆ ಒಂದು ಸೈಡಿಗೆ 30 ನಿಮಿಷ, ಸಿ-90 ಅಂದರೆ 45. ಸೈಡ್ ಮುಗಿಯುವಾಗ ಹಾಡು ನಡುವೆ ಕತ್ತರಿಸಬಾರದು. ಹಂಗೇನಾದರೂ ಆದರೆ ಗಿರಾಕಿ ಮರುದಿನ ಬಂದು ಅಂಗಡಿ ಮುಂದೆ ಜಗಳ ತೆಗೆಯುತ್ತಿದ್ದ. ಉಳಿದ ಎರಡು ನಿಮಿಷಕ್ಕೆ ಕಾಕಾ ಒಂದು ಕೊಳಲಿನ ತುಣುಕು ಹಾಕುತ್ತಿದ್ದ.

34 ಹಾಡು ಯಾರೂ ಕೇಳದೆ ಬಿದ್ದಾಗ ನೆನಪಾಗಿದ್ದು ಇದೇ. ಎಲ್ಲಿ ಕೇಳುತ್ತೀ ಅಂತ ನಾನು ಒಬ್ಬರನ್ನೂ ಕೇಳಿರಲಿಲ್ಲ.

ಆಮೇಲಿಂದ ಒಂದು ಮಿಕ್ಸ್ ಅಂದರೆ 45 ನಿಮಿಷ. ಸಿ-90ರ ಒಂದು ಸೈಡು. ಒಂಬತ್ತು ಹಾಡು, ಬಹಳಾದರೆ ಹತ್ತು. ಹನ್ನೊಂದು ಮಂದಿಗೆ ಒಟ್ಟಿಗೆ ಕಳಿಸುವುದನ್ನೂ ಬಿಟ್ಟೆ. ಒಬ್ಬರಿಗೆ ಒಂದು ಕಟ್ಟುತ್ತೇನೆ. ಅದು ಬೇರೆಯವರ ಕೈಗೆ ಹೋದರೆ ಹೋಗಲಿ.

ಮುಖ್ಯ ಬದಲಾವಣೆ ಅಂದರೆ ಹಾಡಿಗೆ ಮುಂಚೆ ಕಳಿಸುವ ಮಾತು. ಮೊದಮೊದಲು ಟೈಪ್ ಮಾಡುತ್ತಿದ್ದೆ. ಯಾವ ಊರಿನ ಬ್ಯಾಂಡು, ಯಾವ ವರ್ಷ, ಯಾವ ಪ್ರಶಸ್ತಿ. ಪ್ರತೀಕ್ ಕುಹಾಡನ ಒಂದು ಹಾಡು ಒಬಾಮಾ ಅವರ 2019ರ ಮೆಚ್ಚಿನ ಪಟ್ಟಿಯಲ್ಲಿತ್ತು ಅಂತ ಒಬ್ಬನಿಗೆ ಬರೆದೆ. ಅವನು ಒಬಾಮಾ ಬಗ್ಗೆ ಅರ್ಧ ತಾಸು ಮಾತಾಡಿದ. ಹಾಡು ಕೇಳಲಿಲ್ಲ. ಹೆಸರುವಾಸಿ ಮಂದಿಯ ಶಿಫಾರಸು ಕಿವಿಗೆ ಏನೂ ಕೆಲಸ ಕೊಡುವುದಿಲ್ಲ. ಕಿವಿಗೆ ಒಂದು ಕೆಲಸ ಕೊಡಬೇಕು. ಇದನ್ನು ಕೇಳು ಅಂತ ಬೆರಳು ಇಟ್ಟು ತೋರಿಸಬೇಕು.

ಈಗ ವಾಯ್ಸ್ ನೋಟ್ ಕಳಿಸುತ್ತೇನೆ. ನಮ್ಮ ಮಾತಿನಲ್ಲೇ, ಒಂದು ಬ್ಯಾಂಡಿಗೆ 40 ಸೆಕೆಂಡು ದಾಟದ ಹಾಗೆ. ಲೋ ಎಂಬ ಬ್ಯಾಂಡಿಗೆ 2020ರಲ್ಲಿ ಹೀಗೆ ಹೇಳಿದ್ದೆ:

"ಇವರು ಗಂಡ ಹೆಂಡ್ತಿ, ಜೊತಿಗೆ ಬೇಸ್ ಬಾರಸಾವ ಒಬ್ಬ. ಊರು ಡುಲೂತ್, ಅಮೆರಿಕಾದ ಮ್ಯಾಲಿನ ತುದಿಗೆ, ದೊಡ್ಡ ಸರೋವರದ ದಂಡಿಗೆ. 1993ರಾಗ ಶುರು ಮಾಡಿದ್ರು. ಅವಾಗ ಅಲ್ಲಿ ಎಲ್ಲಾರೂ ಗಿಟಾರ್ ಕಿವಿ ಹರಿಯಂಗ ಬಾರಸ್ಲತ್ತಿದ್ರು, ಇವರು ಪಿಸುಮಾತಿನಂಗ ಬಾರಿಸಿದ್ರು. ಹೆಂಡ್ತಿ ನಿಂತು ಡ್ರಮ್ ಬಾರಸ್ತಾಳ, ಹಾಡ್ತಾಳ. ಇಬ್ಬರ ದನಿ ಎಲ್ಲಿ ಕೂಡತದ ಅಷ್ಟೇ ಕೇಳು. ಬ್ಯಾರೇ ಏನೂ ಹುಡುಕಬ್ಯಾಡ."

ಇದಕ್ಕೆ ಹೆಬ್ಬೆರಳು ಬರಲಿಲ್ಲ. ರಾತ್ರಿ ಹನ್ನೆರಡಕ್ಕೆ ಫೋನ್ ಬಂತು. 2022ರ ನವೆಂಬರಿನಲ್ಲಿ ಆ ಹೆಂಡತಿ, ಮಿಮಿ ಪಾರ್ಕರ್, ತೀರಿಕೊಂಡರು. ಹಳೆಯ ವಾಯ್ಸ್ ನೋಟನ್ನೇ ಮುಂದೆ ಕಳಿಸುವುದು ನನ್ನಿಂದ ಆಗಲಿಲ್ಲ. 'ಬಾರಸ್ತಾಳ' ಇದ್ದದ್ದನ್ನು 'ಬಾರಸ್ತಿದ್ದಳು' ಮಾಡಿ ಮತ್ತೆ ರೆಕಾರ್ಡ್ ಮಾಡಿದೆ. ಎರಡು ಸಲ ಗಂಟಲು ಕಟ್ಟಿತು. ಮೂರನೆಯದನ್ನು ಇಟ್ಟುಕೊಂಡೆ.

ಲೋ ಹಾಡುಗಳನ್ನು ಕೆಲವರಿಗೆ ಏಕತಾರಿಗೆ ಹೋಲಿಸಿ ಹೇಳಿದ್ದೂ ಇದೆ. ನಮ್ಮ ಕಡೆ ಕಡಕೋಳ ಮಡಿವಾಳಪ್ಪನವರ ತತ್ವಪದ ಕೇಳುತ್ತ ಬೆಳೆದವರಿಗೆ ಒಂದೇ ತಂತಿ ಒಂದೇ ಸಮ ಮಿಡಿಯುವುದು ಹೊಸದಲ್ಲ. ನಿಧಾನ ಅಂದರೆ ಅವರಿಗೆ ಭಯ ಇಲ್ಲ. ಆದರೆ ಈ ಹೋಲಿಕೆ ಒಂದು ಸಲಕ್ಕೆ ಸಾಕು. ಒಬ್ಬರು ತತ್ವಪದವೇ ಬರುತ್ತದೆ ಅಂತ ಕಾದು ಕೂತು, ಕೊನೆಗೆ ನನಗೇ ಬೈದರು. ಅವರದು ತಪ್ಪಲ್ಲ.

ಬ್ಯಾಂಡಿಗೆ ತಕ್ಕ ಹಾಗೆ ಬೆರಳು ಇಡುವ ಜಾಗ ಬದಲಾಗುತ್ತದೆ. ದಿ ನ್ಯಾಷನಲ್ ಬ್ಯಾಂಡಿನಲ್ಲಿ ಅಣ್ಣತಮ್ಮಂದಿರ ಎರಡು ಜೋಡಿ, ಜೊತೆಗೆ ಗಡುಸು ದನಿಯ ಒಬ್ಬ ಹಾಡುಗಾರ. ಅಣ್ಣತಮ್ಮಂದಿರು ಇಷ್ಟು ವರ್ಷ ಕೂಡಿ ಇದ್ದಾರೆ ಅಂದರೇ ನಮ್ಮಲ್ಲಿ ಅರ್ಧ ಜನ ಕಿವಿ ಕೊಡುತ್ತಾರೆ. ಅಲ್ಲಿ ನಾನು ಹೇಳುವುದು ಡ್ರಮ್ಮಿನ ಬಗ್ಗೆ. ಡ್ರಮ್ ಓಡುತ್ತಿರುತ್ತದೆ, ದನಿ ಮಾತ್ರ ಕಟ್ಟೆ ಮೇಲೆ ಕೂತೇ ಇರುತ್ತದೆ. ದಿಲ್ಲಿಯ ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕಂಪನಿಗೆ ಒಂದೇ ವಾಕ್ಯ: ಮದುವೆ ಮುಗಿಸಿ ಬ್ಯಾಂಡಿನವರು ಬೆಳಗಿನ ಜಾವ ನಡೆದು ಹೋಗುವಾಗ ತಮಗೋಸ್ಕರ ಬಾರಿಸಿದ ಹಾಗೆ. ಮೊದಲ ಹಾಡಾಗಿ ಇವರನ್ನೇ ಇಡುತ್ತೇನೆ. ತುತ್ತೂರಿ ಕೇಳಿದರೆ ಹೊಸಬರಿಗೆ ಪರಕೀಯ ಅನಿಸುವುದಿಲ್ಲ.

ಸಿಗರೆಟ್ಸ್ ಆಫ್ಟರ್ ಸೆಕ್ಸ್ ಬ್ಯಾಂಡಿನದು ಬೇರೆಯೇ ಕಷ್ಟ. ಹೆಸರು! ಅಕ್ಕನ ಮಗಳು ಕೇಳಿದಾಗ ಏನು ಹೇಳಲಿ? ನಮ್ಮ ಮನೆಯಲ್ಲಿ ಅದು 'ಸಿಗರೇಟಿನ ಬ್ಯಾಂಡು'. ಅಷ್ಟಕ್ಕೂ ಅವ್ವ ಮುಖ ಗಂಟಿಕ್ಕಿದ್ದಳು. ಟೆಕ್ಸಾಸಿನ ಎಲ್ ಪಾಸೊದವರು. ನಾಲ್ಕು ಹಾಡನ್ನು 2012ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಕಟ್ಟಡವೊಂದರ ಮೆಟ್ಟಿಲ ಹಾದಿಯಲ್ಲಿ, ಸದ್ದು ಮಾರ್ದನಿಸುವ ಜಾಗದಲ್ಲಿ, ರೆಕಾರ್ಡ್ ಮಾಡಿದರು. ಹಾಡಿನ ಸುತ್ತ ಮಂಜು ಕವಿದ ಹಾಗೆ ಕೇಳುವುದು ಅದಕ್ಕೇ. ಇದನ್ನು ಕಳಿಸುವಾಗ ಹೇಳುತ್ತೇನೆ: ನಿಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿ, ಆಮೇಲೆ ಹಾಡು ಹಾಕಿ. ಮಾಡಿದವರು ಇದ್ದಾರೆ. ಒಬ್ಬನಿಗೆ ವಾಚ್‌ಮನ್ ಬೈದನಂತೆ.

ನಿಕ್ ಡ್ರೇಕ್ ಇಂಡೀನೂ ಅಲ್ಲ, ಬ್ಯಾಂಡೂ ಅಲ್ಲ. ಆದರೆ ಈ ಮಂದಿಯೆಲ್ಲ ಅವನ ಸಾಲಗಾರರು ಅಂತ ನನ್ನ ಲೆಕ್ಕ. ಅದಕ್ಕೆ ಒಂದು ಜಾಗ ಕೊಡುತ್ತೇನೆ. 1972ರಲ್ಲಿ ಬಂದ ಅವನ ಕೊನೆಯ ಆಲ್ಬಂ 28 ನಿಮಿಷದ್ದು. ಅವನು, ಅವನ ಗಿಟಾರು, ಒಂದು ಹಾಡಿನಲ್ಲಿ ಸ್ವಲ್ಪ ಪಿಯಾನೊ. ಅಷ್ಟೇ. 1974ರಲ್ಲಿ, 26ನೇ ವಯಸ್ಸಿಗೆ ಹೋದ. ಈ ಸಾವಿನ ಸಂಗತಿಯನ್ನು ಮುಂಚೆ ಹೇಳುತ್ತಿದ್ದೆ. ಈಗ ಹಾಡು ಕೇಳಿ ಆದ ಮೇಲೆ, ಅವರಾಗಿ ವಿಚಾರಿಸಿದರೆ ಮಾತ್ರ ಹೇಳುತ್ತೇನೆ. ಮೊದಲೇ ಹೇಳಿದರೆ ಜನ ಗಿಟಾರ್ ಬಿಟ್ಟು ಹೆಣ ಹುಡುಕುತ್ತಾರೆ.

ಇಂಗ್ಲಿಷ್ ಬಾರದವರಿಗೆ ಏನು ಮಾಡಬೇಕು ಅಂತ ಚಿಂತೆ ಇತ್ತು. ಐಸ್‌ಲ್ಯಾಂಡಿನ ಸಿಗುರ್ ರೋಸ್ ಬ್ಯಾಂಡಿನ 2002ರ ಆಲ್ಬಮ್ಮಿಗೆ ಹೆಸರೇ ಇಲ್ಲ, ಬರೀ ಎರಡು ಆವರಣ ಚಿಹ್ನೆ. ಎಂಟು ಹಾಡು, ಅವಕ್ಕೂ ಹೆಸರಿಲ್ಲ. ಭಾಷೆಯೂ ಅವರೇ ಕಟ್ಟಿಕೊಂಡಿದ್ದು, ಅರ್ಥ ಇಲ್ಲ. ಗೆಳೆಯನ ಮನೆಯಲ್ಲಿ ಹಾಕಿದಾಗ ಅವನ ಅವ್ವ ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸಿ ಕೇಳಿದರು, "ಇದು ಯಾವ ಭಾಷಿ?" "ಯಾವ ಭಾಷಿನೂ ಅಲ್ರಿ ಅವ್ವಾ." "ಹಂಗಾದ್ರ ನಿಮಗೂ ತಿಳ್ಯಂಗಿಲ್ಲ ಅನ್ನು" ಅಂದು ಮತ್ತೆ ಬಡಿಯತೊಡಗಿದರು. ಅವರ ದನಿಯಲ್ಲಿ ಸ್ವಲ್ಪ ಖುಷಿ ಇತ್ತು.

ತಪ್ಪುಗಳೂ ಆಗಿವೆ. ಒಂದನ್ನು ಹೇಳಲೇಬೇಕು. ಒಬ್ಬ ಗೆಳೆಯನ ಅಪ್ಪ ತೀರಿಕೊಂಡ ಮರುದಿನ ಅವನಿಗೆ ಮಿಕ್ಸ್ ಕಳಿಸಿದೆ. ಒಳ್ಳೆಯದೇ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ತಿಂಗಳಾದ ಮೇಲೆ ಸಿಕ್ಕವನು ಅಂದ, "ಮನ್ಯಾಗ ರಾತ್ರಿಯೆಲ್ಲಾ ಭಜನಿ ನಡದಿತ್ತು. ನಿಂದೊಂದು ಬ್ಯಾರೆ ಯಾಕ ಬೇಕಿತ್ತು?" ಉತ್ತರ ಇರಲಿಲ್ಲ. ಬೇಸರದ ಹಾಡು ಬೇಸರದಲ್ಲಿ ಇದ್ದವರಿಗೆ ಅಂತ ಯಾರು ಹೇಳಿದರು? ನಾನೇ ಅಂದುಕೊಂಡಿದ್ದು. ಅವತ್ತಿನಿಂದ ಸಾವಿನ ಮನೆಗೆ, ಜಗಳದ ಮನೆಗೆ ನಾನಾಗಿ ಏನೂ ಕಳಿಸುವುದಿಲ್ಲ. ಎಂಟು ತಿಂಗಳ ಮೇಲೆ ಅವನೇ ಕೇಳಿದ. ಹಳೆಯದನ್ನು ಅಳಿಸಿಬಿಟ್ಟಿದ್ದೆ. ಆರು ಹಾಡಿನ ಹೊಸದು ಮಾಡಿಕೊಟ್ಟೆ, ಮಾತಿಲ್ಲದೆ.

ಇನ್ನೊಂದು ಸಮಸ್ಯೆ ಕೂಲರ್. ನಗಬೇಡಿ. ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 42 ದಾಟುತ್ತದೆ. ಮನೆಯಲ್ಲಿ ಕೂಲರ್ ಗುರ್ ಅನ್ನುತ್ತಿರುತ್ತದೆ. ಅದರ ಮುಂದೆ ನಿಕ್ ಡ್ರೇಕ್ ಪಾಪ, ಇದ್ದಾನೋ ಇಲ್ಲವೋ ಗೊತ್ತಾಗುವುದಿಲ್ಲ. ಈಗ ಪ್ರತಿ ಮಿಕ್ಸನ್ನೂ ಕೂಲರ್ ಹಚ್ಚಿ ಒಂದು ಸಲ ಕೇಳುತ್ತೇನೆ. ಮುಳುಗಿಹೋದ ಹಾಡಿಗೆ ಬೇಸಿಗೆಯಲ್ಲಿ ಜಾಗ ಇಲ್ಲ, ಅಥವಾ "ಮಾಳಿಗಿ ಮ್ಯಾಲ, ರಾತ್ರಿ ಹನ್ನೊಂದರ ಮ್ಯಾಲ" ಅಂತ ಹೇಳಿ ಕೊಡುತ್ತೇನೆ. ಒಂದು ಹಾಡು ಮೆತ್ತಗೆ, ಮುಂದಿನದು ಧಡ್ ಅಂತ ಬಂದರೆ ಕೇಳುವವರು ಗಾಬರಿಯಾಗುತ್ತಾರೆ. ಆ್ಯಪಿನ ಸೆಟ್ಟಿಂಗಿನಲ್ಲಿ ಎಲ್ಲ ಹಾಡಿನ ಸದ್ದು ಸಮ ಮಾಡುವ ಗುಂಡಿ ಇರುತ್ತದೆ, ಅದನ್ನು ಆನ್ ಮಾಡಿಸುತ್ತೇನೆ. ಒಂದು ಹಾಡಿನ ಬಾಲ ಇನ್ನೊಂದರ ತಲೆಗೆ ಅಂಟಿಸುವ ಕ್ರಾಸ್‌ಫೇಡ್ ಆಫ್. ಈ ಬ್ಯಾಂಡುಗಳಲ್ಲಿ ಹಾಡು ಮುಗಿದ ಮೇಲಿನ ಆ ನಾಲ್ಕು ಸೆಕೆಂಡಿನ ಖಾಲಿ ಜಾಗ ಕೂಡ ಹಾಡೇ. ಆ್ಯಪಿಗೆ ದುಡ್ಡು ಕಟ್ಟದೆ ಕೇಳುವವರಿಗೆ ನಡುನಡುವೆ ಬರುವ ಜಾಹೀರಾತಿನ ಮುಂದೆ ಮಾತ್ರ ನಾನು ಸೋತಿದ್ದೇನೆ. ಲೋ ಮುಗಿದ ಕೂಡಲೇ ಬಟ್ಟೆ ಸೋಪಿನ ಹಾಡು ಬಂದರೆ ಯಾವ ಅನುಕ್ರಮ ತಾನೇ ಉಳಿದೀತು. ಅಂಥವರನ್ನು ನಮ್ಮ ಮಾಳಿಗೆಗೇ ಕರೆಯುತ್ತೇನೆ. ಸ್ಪೀಕರ್ ನನ್ನದು, ಚಹಾ ಅವರದು.

ಕಾಕಾನ ಅಂಗಡಿಯ ಒಂದು ಸಂಗತಿ ನನಗೆ ಇನ್ನೂ ಚುಚ್ಚುತ್ತದೆ. ಅಲ್ಲಿ ಹಾಡಿದವರಿಗೆ ಒಂದು ಪೈಸೆಯೂ ಹೋಗುತ್ತಿರಲಿಲ್ಲ. ಅದಕ್ಕೇ ಮಿಕ್ಸ್ ಜೊತೆ ಒಂದು ಬ್ಯಾಂಡಿನ ಬ್ಯಾಂಡ್‌ಕ್ಯಾಂಪ್ (ಹಾಡು ಮಾರುವ ಜಾಲತಾಣ) ಕೊಂಡಿಯನ್ನೂ ಕಳಿಸುತ್ತೇನೆ. ಅಲ್ಲಿ ಡಿಜಿಟಲ್ ಆಲ್ಬಂ ಕೊಂಡರೆ ತಾಣದವರು ಹಿಡಿದುಕೊಳ್ಳುವುದು ನೂರಕ್ಕೆ 15, ಮಿಕ್ಕಿದ್ದರಲ್ಲಿ ಪಾವತಿ ಖರ್ಚು ಕಳೆದು ಹಾಡಿದವರ ಕಡೆಗೆ ಹೋಗುತ್ತದೆ. ಇಲ್ಲಿಯವರೆಗೆ ಕೊಂಡವರು ಇಬ್ಬರು. ಅದರಲ್ಲಿ ಒಬ್ಬ ನಾನು.

ಈ ವಾರ ಕಟ್ಟುತ್ತಿರುವುದು ತಮ್ಮನಿಗೆ, ಚಿಕ್ಕಪ್ಪನ ಮಗ. ಕೆಲಸ ಬೀದರಿನಲ್ಲಿ, ವಾರಕ್ಕೊಮ್ಮೆ ರೈಲಿನಲ್ಲಿ ಬಂದು ಹೋಗುತ್ತಾನೆ. 2017ರಲ್ಲಿ ಶುರುವಾದ ಆ ಲೈನಿನಲ್ಲಿ ಮರಗುತ್ತಿ ಹತ್ತಿರ ಒಂದು ಸುರಂಗ ಇದೆ. ಒಳಗೆ ನೆಟ್‌ವರ್ಕ್ ಹೋಗುತ್ತದೆ. ಅದಕ್ಕೆ ಎಲ್ಲ ಹಾಡನ್ನೂ ಮನೆಯಲ್ಲೇ ಡೌನ್‌ಲೋಡ್ ಮಾಡಿಕೋ ಅಂದಿದ್ದೇನೆ. ಎಲ್ಲಿ ಕೇಳ್ತೀಯಪಾ ಅಂತ ಕೇಳಿದ್ದಕ್ಕೆ, "ಬಾಗಲದಾಗ ನಿಂತು, ಅಣ್ಣಾ" ಅಂದ. ಬಾಗಿಲಲ್ಲಿ ಅಂದರೆ ಗಾಳಿಯ ಸದ್ದು, ಕೂಲರಿಗಿಂತ ಜೋರು. ಲೋ ನಡೆಯುವುದಿಲ್ಲ. "ಒಳಗ ಕೂತು ಕೇಳ್ತಿ ಅಂದ್ರ ಕೊಡ್ತೀನಿ" ಅಂದೆ. ಕಿಟಕಿ ಸೀಟು ಸಿಕ್ಕರೆ ಹೇಳುತ್ತೇನೆ ಅಂದಿದ್ದಾನೆ. ಎರಡು ಮಿಕ್ಸ್ ಮಾಡಿಟ್ಟಿದ್ದೇನೆ, ಬಾಗಿಲಿಗೊಂದು, ಕಿಟಕಿಗೊಂದು.